ಗರ್ಟ್ರೂಡ್ ಆಂಟಿ ಫೋನ್ ಮಾಡಲಿಲ್ಲ

ಲೊಯ್‌ಮುಂಟ್ಸ್‌ತ್ಸೊಯ್ಗ್ನಿಸ್. ಒಂದೇ ಉಸಿರಿಗೆ ಹೇಳಿದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಗುವ ಈ ಜರ್ಮನ್ ಪದ ನನ್ನ ಹೊಟ್ಟೆಪಾಡು. ದುಬೈಯ ದೇರಾದಲ್ಲಿ ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಭಾಷಾಂತರ ಕಚೇರಿ. ಕಾನೂನು ಕಾಗದಗಳನ್ನು ಇಂಗ್ಲಿಷಿನಿಂದ ಜರ್ಮನ್‌ಗೆ ತಿರುಗಿಸಿ ಕೊಡುವುದು ನನ್ನ ಕೆಲಸ. ಇಲ್ಲಿಯ ಆಸ್ಪತ್ರೆಗಳಲ್ಲಿ ದುಡಿದು ಸಾಕಾದ ನರ್ಸುಗಳು ಈಗ ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಎಂದು ಹೊರಟಿದ್ದಾರೆ. ಹೊರಡುವ ಮುಂಚೆ ಪೊಲೀಸರಿಂದ ಸನ್ನಡತೆಯ ಪ್ರಮಾಣಪತ್ರ ತರಬೇಕು. ಆ ಪತ್ರಕ್ಕೆ ಆ ಕಡೆಯವರು ಇಟ್ಟ ಹಳೆಯ ಹೆಸರು ಇದು.

ಪದ ಕಂಡರೆ ಬಿಡಿಸಿ ನೋಡುವ ಚಪಲ ನನಗೆ. ಇದರ ಮೊದಲರ್ಧ ಲೊಯ್‌ಮುಂಟ್, ಅಂದರೆ ಮನುಷ್ಯನಿಗೆ ಜನರ ನಡುವೆ ಇರುವ ಹೆಸರು. ಲೊಯ್ಟೆ ಎಂದರೆ ಜನ, ಮುಂಟ್ ಎಂದರೆ ಬಾಯಿ, ಆದ್ದರಿಂದ ಲೊಯ್‌ಮುಂಟ್ ಎಂದರೆ ನಾಲ್ಕು ಜನರ ಬಾಯಲ್ಲಿ ಬರುವ ಮಾತು ಎಂದು ಎಷ್ಟೋ ಜರ್ಮನರೇ ನಂಬಿಕೊಂಡಿದ್ದಾರೆ. ಶುದ್ಧ ಸುಳ್ಳು. ಸಾವಿರ ವರ್ಷದ ಹಿಂದೆ ಆ ಪದ ಹ್ಲಿಯುಮುಂಟ್ ಎಂದಿತ್ತು. ಅದರಲ್ಲಿ ಜನವೂ ಇಲ್ಲ, ಬಾಯಿಯೂ ಇಲ್ಲ. ಕೊನೆಯ ತುಂಡು ಬರಿಯ ಪ್ರತ್ಯಯ. ಮೊದಲ ತುಂಡಿನ ಬೇರು ‘ಕೇಳುವುದು’. ನಮ್ಮ ಶ್ರವಣ, ಶ್ರುತಿಗಳು ಹುಟ್ಟಿದ್ದೂ ಅದೇ ಬೇರಿನಿಂದ. ಅಂದರೆ ಮನುಷ್ಯನ ಹೆಸರೆಂಬುದು ಅವನ ಬಗ್ಗೆ ಇನ್ನೊಬ್ಬರ ಕಿವಿಗೆ ಬಿದ್ದದ್ದು. ಇನ್ನು ತ್ಸೊಯ್ಗ್ನಿಸ್ ಎಂದರೆ ಸಾಕ್ಷಿ ಪತ್ರ. ಅದರೊಳಗೆ ಕೂತಿರುವ ಜರ್ಮನ್ ‘ಸಾಕ್ಷಿ’ಯ ಮೂಲಾರ್ಥ, ನ್ಯಾಯದ ಕಟ್ಟೆಗೆ ಎಳೆದು ತಂದವನು.

ಇದನ್ನೆಲ್ಲ ನಾನು ಒಂದು ಮಧ್ಯಾಹ್ನ ಬಹಳ ಉತ್ಸಾಹದಿಂದ ಗರ್ಟ್ರೂಡ್ ಆಂಟಿಗೆ ವಿವರಿಸಿದೆ. ಅವರು ಕೈಯಲ್ಲಿದ್ದ ಸ್ಟಾಂಪನ್ನು ಪ್ಯಾಡಿಗೆ ಒತ್ತುತ್ತಾ, “ಬಾಯಿಯೋ ಕಿವಿಯೋ, ಎಂತದೋ ಒಂದು. ಬೇಗ ಮುಗಿಸು ಮಾರಾಯ, ಹುಡುಗಿ ಹೊರಗೆ ಕಾಯ್ತಾ ಉಂಟು” ಎಂದರು.

“ನಿಮ್ಮ ಹೆಸರೇ ಜರ್ಮನ್ ಆಂಟಿ, ನಿಮಗಾದರೂ ಆಸಕ್ತಿ ಬೇಡವಾ?”

“ನನ್ನ ಹೆಸರು ಶಿರ್ವ ಇಗರ್ಜಿಯದ್ದು. ಪಾದ್ರಿ ಇಟ್ಟದ್ದು. ಸುಮ್ಮನೆ ಕೂತ್ಕೋ.”

ಗರ್ಟ್ರೂಡ್ ಆಂಟಿ ನಮ್ಮ ಕಚೇರಿಯ ಮುಂದಿನ ಮೇಜಿನವರು. ಬಂದವರನ್ನು ಕೂರಿಸುವುದು, ಕಾಗದ ತೆಗೆದುಕೊಳ್ಳುವುದು, ಮೊಹರು ಹಾಕಿ ಕೊಡುವುದು ಅವರ ಕೆಲಸ. ಮದುವೆಯಾದ ಹೊಸತರಲ್ಲಿ ಗಂಡ ವಿಕ್ಟರ್ ಅಂಕಲ್ ಕರೆಸಿಕೊಂಡಾಗ ಬಂದವರು, ಇಲ್ಲೇ ತಲೆ ಬೆಳ್ಳಗಾಗಿಸಿಕೊಂಡರು. ಅಂಕಲ್ ಅಲ್ ಕೂಜ್‌ನ ವರ್ಕ್‌ಶಾಪಿನಲ್ಲಿ ಏಸಿ ರಿಪೇರಿ ಮಾಡುತ್ತಿದ್ದರು, ಈಗ ಮನೆಯಲ್ಲಿದ್ದಾರೆ. ಮಕ್ಕಳಿಲ್ಲ. ದೇರಾದ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಇವರಿಬ್ಬರು, ಉಳಿದ ಕೋಣೆಗಳಲ್ಲಿ ಊರಿನ ಕಡೆಯ ಹುಡುಗಿಯರು. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುವವಳಿಗೆ ಮೊದಲ ಊಟ ಆಂಟಿಯ ಅಡುಗೆಮನೆಯದ್ದೇ. ಬಂಗುಡೆ ಮೀನಿನ ಗಸಿ ಮಾಡಿದ ದಿನ ನನಗೂ ಒಂದು ಡಬ್ಬಿ ಬರುತ್ತದೆ. ಹಾಗಾಗಿ ಅವರ ಬಗ್ಗೆ ನಾನು ಪೂರ್ತಿ ನಿಷ್ಪಕ್ಷಪಾತಿ ಎಂದು ಯಾರೂ ತಿಳಿಯಬೇಡಿ.

ಆದರೆ ಅವರ ನಿಜವಾದ ಉದ್ಯೋಗ ಬೇರೆ. ಊರಿನಲ್ಲಿ ಸಂಬಂಧ ಕೂಡಿಬಂದಾಗ ಹುಡುಗನೋ ಹುಡುಗಿಯೋ ದುಬೈಯಲ್ಲಿದ್ದರೆ ಮನೆಯವರು ಏನು ಮಾಡಬೇಕು? ಇಲ್ಲಿ ಯಾರನ್ನಾದರೂ ವಿಚಾರಿಸಬೇಕು. ಹುಡುಗ ಕುಡಿಯುತ್ತಾನಾ, ಹೇಳಿದ ಕೆಲಸವೇ ಮಾಡುತ್ತಾನಾ, ಹುಡುಗಿಯ ಗುಣ ಹೇಗೆ ಎಂದೆಲ್ಲ. ನಮ್ಮ ಕರಾವಳಿಯ ಶಿರ್ವ, ಕಲ್ಯಾಣಪುರ, ಶಂಕರಪುರದ ಕ್ರೈಸ್ತರ ಮನೆಗಳಲ್ಲಿ ಆ ‘ಯಾರನ್ನಾದರೂ’ ಎಂದರೆ ಗರ್ಟ್ರೂಡ್ ಆಂಟಿ. ಫೋನ್ ಬಂದಾಗ ಅವರ ಉತ್ತರ ಯಾವಾಗಲೂ ಒಂದೇ: “ಕೇಳಿ ಹೇಳ್ತೇನೆ.” ಆಮೇಲೆ ಅವರು ಕಟ್ಟಡದ ವಾಚ್‌ಮನ್, ಕೆಫೆಟೇರಿಯಾದವನು, ರೂಮ್‌ಮೇಟಿನ ಸೋದರತ್ತೆ, ಹೀಗೆ ಒಬ್ಬೊಬ್ಬರನ್ನೇ ಮಾತಿಗೆಳೆಯುತ್ತಾರೆ. ಸುದ್ದಿ ಒಳ್ಳೆಯದಿದ್ದರೆ ಬರುವ ಭಾನುವಾರ ಊರಿಗೆ ಫೋನ್ ಹೋಗುತ್ತದೆ. ಒಳ್ಳೆಯದಿಲ್ಲದಿದ್ದರೆ ಫೋನ್ ಹೋಗುವುದಿಲ್ಲ. ಅಷ್ಟೇ. ಭಾನುವಾರ ಸಂಜೆಯವರೆಗೆ ಕಾದು, ಫೋನ್ ಬಾರದಿದ್ದರೆ ಆ ಮನೆಯವರು ಅರ್ಥ ಮಾಡಿಕೊಂಡು ಸಂಬಂಧ ಬಿಡುತ್ತಾರೆ. ಯಾಕೆ ಎಂದು ಯಾರೂ ತಿರುಗಿ ಕೇಳುವುದಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ.

ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತಿತ್ತು. “ಇದೆಂತ ನ್ಯಾಯ ಆಂಟಿ? ಪೊಲೀಸರ ಪತ್ರದಲ್ಲಿ ಏನೂ ಬರೆಯದಿದ್ದರೆ ಮನುಷ್ಯ ಒಳ್ಳೆಯವನು ಅಂತ. ನಿಮ್ಮಲ್ಲಿ ಏನೂ ಹೇಳದಿದ್ದರೆ ಕೆಟ್ಟವನು ಅಂತ. ಅವನಿಗೆ ತನ್ನ ಮೇಲೆ ಎಂತ ದೂರು ಉಂಟು ಅಂತಲಾದರೂ ಗೊತ್ತಾಗ್ಬೇಡ್ವಾ?” ಎಂದು ಜಗಳಕ್ಕೆ ನಿಂತಿದ್ದೆ.

ಆಂಟಿಗೆ ಬೇಸರವೇನೂ ಆಗಲಿಲ್ಲ. “ನೋಡು ಸುಮಿತ್, ಇಷ್ಟು ವರ್ಷದಲ್ಲಿ ನಾನು ಒಬ್ಬರ ಬಗ್ಗೆಯೂ ಕೆಟ್ಟ ಮಾತು ಆಡ್ಲಿಲ್ಲ. ಒಬ್ಬರ ಬಗ್ಗೆಯೂ. ನಾಳೆ ದೇವರ ಎದುರು ನಾಲಿಗೆ ತೋರಿಸ್ಲಿಕ್ಕೆ ನನಗೆ ಹೆದರಿಕೆ ಇಲ್ಲ” ಎಂದರು. ಆ ಹೆಮ್ಮೆ ನಿಜವಾದದ್ದೇ. ಅವರ ಮಾತು ಬಿಡಿ, ಅವರ ಮೌನಕ್ಕೂ ಮೂರು ಊರಿನಲ್ಲಿ ಬೆಲೆಯಿತ್ತು.

ನತಾಶಾಳ ವಿಷಯ ಬಂದದ್ದು ಹೋದ ಚಳಿಗಾಲದಲ್ಲಿ. ಬರ್ ದುಬೈಯ ಕ್ಲಿನಿಕ್ಕಿನಲ್ಲಿ ನರ್ಸ್, ಆಂಟಿಯ ಫ್ಲ್ಯಾಟಿನಲ್ಲೇ ವಾಸ. ಡ್ಯೂಟಿಯಿಂದ ಬಂದು ವಿಕ್ಟರ್ ಅಂಕಲ್‌ಗೆ ಶುಗರ್ ನೋಡಿ, ಮಾತ್ರೆ ಕೊಟ್ಟು, ಅವರ ಜೊತೆ ಇಸ್ಪೀಟು ಆಡಿ ಬೇಕೆಂದೇ ಸೋಲುವ ಹುಡುಗಿ. ಆಸ್ಟ್ರಿಯಾದಲ್ಲಿ ಅಡುಗೆಯವನಾಗಿರುವ ಕ್ಲೈವ್ ಎಂಬವನ ಸಂಬಂಧ ಬಂದಿತ್ತು. ಇಬ್ಬರೂ ವಿಡಿಯೊದಲ್ಲಿ ಮಾತಾಡಿಯಾಗಿತ್ತು. ಅವಳಿಗೆ ಅವನು ಎಷ್ಟು ಹಿಡಿಸಿದ್ದನೆಂದರೆ, ಅಲ್ಲಿಯ ಕೆಲಸಕ್ಕೆ ಅರ್ಜಿ ಹಾಕಿ, ಪೊಲೀಸರ ಪತ್ರ ತೆಗೆಸಿ, ಜರ್ಮನ್ ಮಾಡಿಸಲು ನನ್ನ ಮೇಜಿನ ಮೇಲೆ ತಂದಿಟ್ಟಿದ್ದಳು.

“ಸರ್, ಇದರಲ್ಲಿ ನಾನು ಒಳ್ಳೆಯವಳು ಅಂತ ಬರೆದಿದೆಯಾ?” ಎಂದು ನಗುತ್ತಾ ಕೇಳಿದಳು.

“ಇಲ್ಲಮ್ಮ. ನಿನ್ನ ಮೇಲೆ ಯಾವ ಕೇಸೂ ಇಲ್ಲ ಅಂತ ಮಾತ್ರ ಇದೆ” ಎಂದೆ.

“ಒಳ್ಳೆಯವಳು ಅಂತ ಹೇಳ್ಲಿಕ್ಕೆ ಆಂಟಿ ಇದ್ದಾರಲ್ಲ” ಎಂದಳು. ಆಂಟಿ ಕಣ್ಣು ಮಿಟುಕಿಸಿದರು.

ಯಾಕೆಂದರೆ ಕಲ್ಯಾಣಪುರದಿಂದ ಕ್ಲೈವ್‌ನ ತಾಯಿ ಮಾರ್ಟಿನಾ ಆಗಲೇ ಆಂಟಿಗೆ ಫೋನ್ ಮಾಡಿ ವಿಚಾರಿಸಿದ್ದರು. ಒಂದೇ ಮನೆಯಲ್ಲಿ ವಾಸವಿರುವ ಹುಡುಗಿ, ಕಣ್ಣೆದುರೇ ಇರುವವಳು. ಆ ಕ್ಷಣವೇ “ಚಿನ್ನದಂಥ ಹುಡುಗಿ” ಎಂದುಬಿಡಬಹುದಿತ್ತಲ್ಲ! ಇಲ್ಲ, ಅಭ್ಯಾಸಬಲ. “ಕೇಳಿ ಹೇಳ್ತೇನೆ” ಎಂದುಬಿಟ್ಟರು. ಕೂಡಲೇ ಹೊಗಳಿದರೆ ಜನ ತೂಕ ಕೊಡುವುದಿಲ್ಲ, ಭಾನುವಾರ ಹೇಳಿದರೇ ಅದಕ್ಕೆ ಗೌರವ ಎಂದು ಆಮೇಲೆ ನನಗೆ ವಿವರಿಸಿದರು.

ಶನಿವಾರ ಬೆಳಿಗ್ಗೆ ವಿಕ್ಟರ್ ಅಂಕಲ್ ಬಚ್ಚಲಲ್ಲಿ ಕುಸಿದು ಬಿದ್ದರು. ಪಾರ್ಶ್ವವಾಯು. ಆಂಬುಲೆನ್ಸ್ ಬರುವವರೆಗೆ ಅವರ ತಲೆಯನ್ನು ತೊಡೆಯ ಮೇಲೆ ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡು, ಉಸಿರು ಕಟ್ಟದಂತೆ ನೋಡಿಕೊಂಡವಳು ನತಾಶಾಳೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಆಂಟಿ ಜಪಮಾಲೆ ಹಿಡಿದು ಕೂತರು. ಭಾನುವಾರ ಬಂತು, ಹೋಯಿತು. ಅವರಿಗೆ ಕಲ್ಯಾಣಪುರವೂ ನೆನಪಿರಲಿಲ್ಲ, ಭಾನುವಾರವೂ ನೆನಪಿರಲಿಲ್ಲ.

ಅಂಕಲ್ ಬಲಗೈ ಬಲಗಾಲು ಬಿದ್ದುಹೋದರೂ ಬದುಕಿಕೊಂಡು, ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಆಂಟಿ ಕೆಲಸಕ್ಕೆ ಮರಳಿದ ವಾರವೇ ನತಾಶಾ ಕಚೇರಿಗೆ ಬಂದಳು. ಅನುವಾದ ತಯಾರಿತ್ತು. ತೆಗೆದುಕೊಳ್ಳಲಿಲ್ಲ.

“ಬೇಡ ಸರ್. ಅವರು ಬೇಡ ಅಂದ್ರು.”

“ಯಾರು ಬೇಡ ಅಂದದ್ದು?” ಆಂಟಿ ತಲೆಯೆತ್ತಿದರು.

“ಕ್ಲೈವ್ ಮನೆಯವರು. ಈಗ ಮದುವೆ ಮಾಡುವುದಿಲ್ಲ ಅಂತ ನನ್ನ ಅಮ್ಮನಿಗೆ ಹೇಳಿ ಕಳಿಸಿದ್ರಂತೆ. ರೀಸನ್ ಹೇಳಲಿಲ್ಲ. ಅವರ ಕಿವಿಗೆ ಎಂತ ಬಿತ್ತೋ ಗೊತ್ತಿಲ್ಲ ಆಂಟಿ. ನನ್ನ ಅಮ್ಮ ನನ್ನನ್ನೇ ಕೇಳ್ತಾರೆ, ದುಬೈಯಲ್ಲಿ ಎಂತ ಮಾಡಿಕೊಂಡೆ ಅಂತ.” ಅಷ್ಟು ಹೇಳಿ ಅವಳು ಆಂಟಿಯ ಮೇಜಿನ ಹತ್ತಿರ ಹೋದಳು. “ನಾನೆಂತ ಮಾಡಿದ್ದೇನೆ ಆಂಟಿ?”

ಗರ್ಟ್ರೂಡ್ ಆಂಟಿಯ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ನೋಡಿದೆ. “ಸಾಯ್ಬಾ ಭೊಗ್ಸ್” ಎಂದರು. ದೇವರೇ ಕ್ಷಮಿಸು ಎಂದು.

ಅವಳ ಎದುರೇ, ಸ್ಪೀಕರಿಗೆ ಹಾಕಿ, ಮಾರ್ಟಿನಾಗೆ ಫೋನ್ ಹಚ್ಚಿದರು. ಕೊಂಕಣಿ ನನಗೆ ಅರ್ಥವಾಗುತ್ತದೆ. ಆಂಟಿ, ಗಂಡ ಬಿದ್ದದ್ದು, ತಾವು ಮರೆತದ್ದು, ಹುಡುಗಿ ಎಂಥ ಹುಡುಗಿ ಎಂಬುದು ಎಲ್ಲವನ್ನೂ ಒಂದೇ ಸಮನೆ ಹೇಳಿದರು. ಆ ಕಡೆಯಿಂದ ಬಹಳ ಮೃದುವಾದ ದನಿ ಬಂತು. “ಇರಲಿ ಗರ್ಟಿ. ಹುಡುಗಿ ನಿಮ್ಮ ಮನೆಯಲ್ಲೇ ಇರುವುದಲ್ವಾ, ನಿಮ್ಮ ಹತ್ತಿರ ಅತ್ತಿರಬೇಕು. ನಿಮ್ಮ ಮನಸ್ಸು ನನಗೆ ಗೊತ್ತುಂಟು. ನೀವು ಕೆಟ್ಟದ್ದು ಹೇಳುವವರಲ್ಲ. ವಿಕ್ಟರ್‌ನನ್ನು ಚೆನ್ನಾಗಿ ನೋಡಿಕೊಳ್ಳಿ.” ಮಾರ್ಟಿನಾ ಫೋನ್ ಇಟ್ಟರು.

ನತಾಶಾ ಹೊರಟುಹೋದಳು. ಆಂಟಿಯ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಬಂಗುಡೆ ಗಸಿಯ ಋಣವೂ ಅಡ್ಡ ಬರಲಿಲ್ಲ. “ನೋಡಿದ್ರಾ? ನೀವು ಬಾಯಿ ಬಿಡಲೇ ಇಲ್ಲ, ಅವರು ಕೇಳಿಸಿಕೊಂಡಾಯ್ತು. ಆ ದಿನ ನಾನು ಪದದ ಕಥೆಯಲ್ಲಿ ಹೇಳಿದ್ದು ಇದನ್ನೇ. ಹೆಸರು ಇರುವುದು ಕೇಳುವವರ ಕಿವಿಯಲ್ಲಿ ಆಂಟಿ, ನಿಮ್ಮ ನಾಲಿಗೆಯಲ್ಲಿ ಅಲ್ಲ. ನಾಲಿಗೆ ಶುದ್ಧ ಇಟ್ಟುಕೊಂಡು ಏನು ಬಂತು?”

ಆಂಟಿ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಆಮೇಲೆ ಹೇಳಿದರು. “ನಾನು ಈಗ ಎಷ್ಟು ಹೇಳಿದ್ರೂ ಅವರು ನಂಬುವುದಿಲ್ಲ ಸುಮಿತ್. ನನ್ನ ಮಾತು ನಂಬ್ಲಿಕ್ಕೆ ಅವರು ಕಲೀಲಿಲ್ಲ. ನಾನು ಸುಮ್ಮನಿದ್ದದ್ದನ್ನು ನಂಬ್ಲಿಕ್ಕೆ ಕಲ್ತಿದ್ದಾರೆ.”

“ಹಾಗಾದ್ರೆ ಎಲ್ಲರ ಮುಂದೆ ಹೇಳಿ, ಮರೆತೆ ಅಂತ.”

“ಒಂದು ಸಲ ಮರೆತೆ ಅಂತ ಹೇಳಿದ್ರೆ, ಹಿಂದೆ ಎಷ್ಟು ಸಲ ಮರೆತಿದ್ದೀರಿ ಅಂತ ಕೇಳುವುದಿಲ್ವಾ?”

ಅಲ್ಲಿಯವರೆಗೆ ಇದ್ದದ್ದು ನತಾಶಾಳ ಹೆಸರಿನ ಪ್ರಶ್ನೆ. ಅದನ್ನು ಉಳಿಸಬೇಕಾದರೆ ಆಂಟಿ ತಮ್ಮ ಹೆಸರನ್ನು ತಾವೇ ಕೈಯಾರೆ ಕೆಡಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಸುದ್ದಿಯೂ ಹಬ್ಬಿತ್ತು. “ಗರ್ಟ್ರೂಡ್ ಫೋನ್ ಮಾಡಲಿಲ್ಲವಂತೆ” ಎಂಬ ಒಂದು ವಾಕ್ಯ ಸಾಕು. ನತಾಶಾಳ ಜೊತೆ ಕೋಣೆ ಹಂಚಿಕೊಂಡ ಹುಡುಗಿಯರೂ ಅವಳನ್ನು ಒಂದು ಥರಾ ನೋಡತೊಡಗಿದ್ದರು.

ಮುಂದಿನ ಭಾನುವಾರ ಊದ್ ಮೆಥಾದ ಇಗರ್ಜಿಗೆ ಅಂಕಲ್ ಅವರನ್ನು ಕರೆದುಕೊಂಡು ಹೋಗಲು ಆಂಟಿ ನನ್ನ ಕಾರು ಕೇಳಿದರು. ಪೂಜೆ ಮುಗಿಯುವವರೆಗೆ ನಾನು ಹೊರಗೆ ಕಾದೆ. ಮುಗಿದ ಮೇಲೆ ನಮ್ಮ ಕರಾವಳಿಯವರೆಲ್ಲ ಅಂಗಳದ ಒಂದು ಮೂಲೆಯಲ್ಲಿ ಗುಂಪುಗೂಡಿ ಮಾತಾಡುವುದು ವಾಡಿಕೆ. ಆಂಟಿ ಗಾಲಿಕುರ್ಚಿಯನ್ನು ಆ ಗುಂಪಿನ ನಡುವೆ ತಂದು ನಿಲ್ಲಿಸಿದರು. ಜೋರು ದನಿಯಲ್ಲಿ ಹೇಳಿದರು.

“ನತಾಶಾಳ ವಿಷಯಕ್ಕೆ ನಾನು ಕಲ್ಯಾಣಪುರಕ್ಕೆ ಫೋನ್ ಮಾಡ್ಲಿಲ್ಲ. ಮರೆತೆ. ಹುಡುಗಿಯದ್ದು ಎಂತ ತಪ್ಪೂ ಇಲ್ಲ, ನನ್ನ ತಪ್ಪು. ಇವರ ಜೀವ ಉಳಿಸಿದ್ದು ಆ ಹುಡುಗಿ, ನಾನು ಅವಳ ಹೆಸರು ಹಾಳು ಮಾಡಿದೆ. ಇನ್ನು ಮುಂದೆ ಗರ್ಟ್ರೂಡ್ ಫೋನ್ ಮಾಡ್ಲಿಲ್ಲ ಅಂತ ಯಾರೂ ಯಾರನ್ನೂ ಬಿಡ್ಬೇಡಿ. ನನ್ನದು ಮುದಿ ತಲೆ. ಖಲಾಸ್.”

ಒಂದಿಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ವಿಕ್ಟರ್ ಅಂಕಲ್ ಎಡಗೈಯಿಂದ ಹೆಂಡತಿಯ ಸೆರಗನ್ನು ಹಿಡಿದುಕೊಂಡಿದ್ದರು. ಸಾಕ್ಷಿಯನ್ನು ಎಳೆದು ತರುತ್ತಾರೆ ಎಂದಿದ್ದೆನಲ್ಲ, ಇವರು ತಾವೇ ತಮ್ಮನ್ನು ಎಳೆದು ತಂದು ನಿಲ್ಲಿಸಿದ್ದರು.

ಆ ಮಾತು ಅದೇ ಸಂಜೆ ಕಲ್ಯಾಣಪುರ ತಲುಪಿತು. ಅಂಥ ಮಾತು ಬೇಗ ತಲುಪುತ್ತದೆ. ಮಾರ್ಟಿನಾ ಫೋನ್ ಮಾಡಿದರು, ಆಂಟಿಗಲ್ಲ, ನತಾಶಾಳ ತಾಯಿಗೆ. ಕ್ಲೈವ್ ಮೊದಲಿನಿಂದಲೂ ಹಠ ಹಿಡಿದು ಕೂತಿದ್ದನಂತೆ. ನಿಶ್ಚಿತಾರ್ಥ ಗೊತ್ತಾಯಿತು. ನತಾಶಾ ಕಚೇರಿಗೆ ಲಾಡು ತಂದಳು, ಅನುವಾದ ತೆಗೆದುಕೊಂಡಳು, ಆಂಟಿಯನ್ನು ತಬ್ಬಿಕೊಂಡಳು. ಊರಿನಿಂದ ವಿಚಾರಿಸುವ ಫೋನುಗಳು ನಿಂತುಹೋದವು. ಆಂಟಿಗೆ ಒಂದು ಭಾರ ಇಳಿದಂತಾಗಿದೆ ಎಂದು ನಾನು ಅಂದುಕೊಂಡೆ.

ಒಂದು ಮಧ್ಯಾಹ್ನ ಯುಜಿನ್ ಬಂದ. ಅಲ್ ಕೂಜ್‌ನ ಗೋದಾಮೊಂದರಲ್ಲಿ ಸೂಪರ್‌ವೈಸರ್, ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾದವನು, ಮದುವೆಯಿಲ್ಲ. ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

“ಎಂತ ಯುಜಿನ್, ಅಪರೂಪ!” ಎಂದರು ಆಂಟಿ.

ಅವನು ಕೂರಲಿಲ್ಲ. “ಆಂಟಿ, ಆ ದಿನ ಇಗರ್ಜಿಯಲ್ಲಿ ನಾನೂ ಇದ್ದೆ. ಒಂದು ಕೇಳ್ಬೇಕಿತ್ತು. ಶಂಕರಪುರದವರು ನನ್ನ ಬಗ್ಗೆ ನಿಮ್ಮಲ್ಲಿ ವಿಚಾರಿಸಿದ್ರು. ಮಲ್ಲಿಗೆ ಕೃಷಿಯವರು. ಬಹಳ ವರ್ಷ ಆಯ್ತು. ನೀವು ಫೋನ್ ಮಾಡ್ಲಿಲ್ಲ. ಅದೂ ಮರೆತದ್ದಾ?”

ಮರೆತೆ ಎಂದು ಆಂಟಿ ಸುಳ್ಳು ಹೇಳಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

“ಅವರು ಕೇಳಿದ್ದು ನೆನಪುಂಟು. ನಾನು ಮಾಡ್ಲಿಲ್ಲ, ಅದೂ ನೆನಪುಂಟು. ಎಂತಕ್ಕೆ ಅಂತ ನೆನಪಿಲ್ಲ ಮಗಾ.”

“ಯಾರಾದ್ರೂ ಎಂತಾದ್ರೂ ಹೇಳಿದ್ರಾ?”

“ನೆನಪಿಲ್ಲ.”

ಅವನು ತಲೆಯಾಡಿಸಿದ. “ನನ್ನಲ್ಲಿ ಎಂತ ಕಂಡ್ರು ಅಂತ ನಾನು ಇಷ್ಟು ವರ್ಷ ಹುಡುಕ್ತಾ ಇದ್ದೆ ಆಂಟಿ. ಆಗ ಸ್ವಲ್ಪ ಕುಡೀತಿದ್ದೆ, ಅದಕ್ಕೇ ಇರಬೇಕು ಅಂತ ಅದನ್ನೂ ಬಿಟ್ಟೆ. ಆಮೇಲೆ ಬೇರೆ ಕಡೆ ಯಾರೂ ಕೇಳ್ಲಿಲ್ಲ. ಅಡ್ಡಿ ಇಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಕೂತ್ಕೋ ಮಗಾ. ಚಾಯ ಕುಡಿ.”

“ಇಲ್ಲ ಆಂಟಿ, ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಬಂದಿದ್ದೇನೆ” ಎಂದು ಇಳಿದುಹೋದ.

ಆ ವಾರ ಆಂಟಿ ಮತ್ತೆ ತಮ್ಮ ಹಳೆಯ ಕೆಲಸಕ್ಕೆ ಕೂತರು. ಯುಜಿನ್‌ನ ಗೋದಾಮಿನ ವಾಚ್‌ಮನ್‌ಗೆ ಫೋನ್, ಅವನು ಊಟ ಮಾಡುವ ಮೆಸ್ಸಿಗೆ ಫೋನ್, ಅವನ ಹಳೆಯ ರೂಮ್‌ಮೇಟ್ ಈಗ ಅಬುಧಾಬಿಯಲ್ಲಿದ್ದಾನೆ, ಅವನಿಗೂ ಫೋನ್. ಯಾರೂ ಕೇಳಿರಲಿಲ್ಲ, ಇವರೇ ಕೇಳುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ನಾನು ವಿಚಾರಿಸಿದರೆ “ನಿನ್ನ ಕೆಲಸ ನೋಡು” ಎಂದರು.

ಭಾನುವಾರ ವಿಕ್ಟರ್ ಅಂಕಲ್ ಅವರನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಅಂಕಲ್ ನಿದ್ದೆ ಹೋಗಿದ್ದರು. ಆಂಟಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಫೋನನ್ನು ಸ್ಪೀಕರಿಗೆ ಹಾಕಿ ಶಂಕರಪುರಕ್ಕೆ ಕರೆ ಮಾಡಿದ್ದರು. ಆ ಕಡೆ ವಯಸ್ಸಾದ ಹೆಂಗಸಿನ ದನಿ.

“ನಾನು ದುಬೈಯಿಂದ, ಗರ್ಟ್ರೂಡ್. ನೀವು ಹಿಂದೊಮ್ಮೆ ಯುಜಿನ್ ಅಂತ ಒಬ್ಬ ಹುಡುಗನ ಬಗ್ಗೆ ಕೇಳಿದ್ರಿ. ನಾನು ಕೇಳಿ ಹೇಳ್ತೇನೆ ಅಂದಿದ್ದೆ.”

“ಅಯ್ಯೋ ದೇವಾ, ಅದು ಯಾವ ಕಾಲದ್ದು! ನನ್ನ ಮಗಳಿಗೆ ಈಗ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ.”

“ಗೊತ್ತುಂಟು” ಎಂದರು ಆಂಟಿ. ಕಣ್ಣು ಒರೆಸಿಕೊಂಡರು. “ನಾನು ಕೇಳಿದೆ. ಒಳ್ಳೆಯ ಹುಡುಗ. ಅಷ್ಟು ಹೇಳ್ಲಿಕ್ಕೆ ಮಾಡಿದ್ದು.”